ನಂಬಲಾಗದ ಸರ್ವರ್

ಒಂದು ಮೇಲ್ ಸೆಟ್ಟಿಂಗ್‌ಗೆ ನಿನ್ನ ತಮ್ಮ ಯಾಕೆ ಬೇಕು, ನಾನೇನು ಸತ್ತಿದ್ದೇನೆಯೇ ಎಂದು ಬೆಳಿಗ್ಗೆ ಹತ್ತು ಗಂಟೆಗೆ ಹೆಂಡತಿಯ ಮುಂದೆ ಎದೆ ತಟ್ಟಿಕೊಂಡೆ. ಆ ಎದೆ ಇನ್ನೂ ನೋಯುತ್ತಿದೆ.

ಅವಳು ಅನುವಾದಕಿ. ಎಂಟು ತಿಂಗಳು ಬೆನ್ನು ಬಗ್ಗಿಸಿ ಮುಗಿಸಿದ ಮೊದಲ ಪುಸ್ತಕ ಅಂದು ಸಂಜೆ ಐದರೊಳಗೆ ಪ್ರಕಾಶಕರ ಕೈ ಸೇರಬೇಕಿತ್ತು. ತಪ್ಪಿದರೆ ಕೆಲಸ ಇನ್ನೊಬ್ಬರ ಪಾಲು. ಕಳಿಸುವುದೂ ಅವರು ಕೊಟ್ಟ ಮೇಲ್ ವಿಳಾಸದಿಂದಲೇ ಆಗಬೇಕು. ಅವಳ ಲ್ಯಾಪ್‌ಟಾಪ್ ಹಿಂದಿನ ದಿನವೇ ಕಣ್ಣು ಮುಚ್ಚಿತ್ತು. ಪುಣ್ಯಕ್ಕೆ ಪುಸ್ತಕ ಪೆನ್‌ಡ್ರೈವ್‌ನಲ್ಲಿತ್ತು. ಮನೆಯಲ್ಲಿ ಉಳಿದದ್ದು ನಾನು ದಿನಾ ಚೆಸ್ ಆಡುವ ಹಳೆಯ ಕಂಪ್ಯೂಟರ್. ಅದನ್ನು ನನ್ನ ಹೊರತು ಬೇರೆ ಯಾರೂ ಮುಟ್ಟುವಂತಿಲ್ಲ.

ಪ್ರಕಾಶಕರ ಚೀಟಿಯಲ್ಲಿ ಎಲ್ಲವೂ ಇತ್ತು. ಸರ್ವರ್ ಹೆಸರು, ಪಡೆಯಲು ಪೋರ್ಟ್ 993, ಕಳಿಸಲು 465, ಎರಡಕ್ಕೂ ‘ಸುರಕ್ಷಿತ ಸಂಪರ್ಕ’. ಒಂದಕ್ಷರ ಬಿಡದೆ ಕುಟ್ಟಿ, ಸೇನಾಪತಿಯ ಗತ್ತಿನಲ್ಲಿ ಗುಂಡಿ ಒತ್ತಿದೆ. ಪರದೆಯ ಮೇಲೆ ಕೆಂಪು ಪಟ್ಟಿ ಬಂತು: ‘ಈ ಸರ್ವರ್‌ನ ಪ್ರಮಾಣಪತ್ರವನ್ನು ನಂಬಲಾಗದು.’ ಅಂದರೆ, ತಾನು ಯಾರೆಂದು ಸರ್ವರ್ ತೋರಿಸುವ ಗುರುತಿನ ಪತ್ರವೇ ಸರಿಯಿಲ್ಲವಂತೆ.

ಪಿತ್ತ ನೆತ್ತಿಗೇರಿತು. ಪಾಸ್‌ವರ್ಡ್ ಹನ್ನೊಂದು ಸಲ ಕುಟ್ಟಿದೆ. ಹನ್ನೆರಡನೆಯದಕ್ಕೆ ಕೀಬೋರ್ಡಿನ ಒಂದು ಗುಂಡಿಯೇ ಕಿತ್ತುಬಂದು ನೀರಿನ ಲೋಟಕ್ಕೆ ಹಾರಿತು. ಸುರಕ್ಷತೆಯೇ ಬೇಡವೆಂದು ಅದನ್ನು ತೆಗೆದು ನೋಡಿದರೆ ಸರ್ವರ್ ಮಾತೇ ಆಡಲಿಲ್ಲ. ನಾನು ಊಟ ಮಾಡಲಿಲ್ಲ, ಹೆಂಡತಿಗೂ ಮಾಡಲು ಬಿಡಲಿಲ್ಲ. ಅವಳು ಗಡಿಯಾರ ನೋಡುತ್ತ ಬಾಗಿಲಲ್ಲೇ ನಿಂತಿದ್ದಳು.

“ನಾಲ್ಕಾಯ್ತು. ತಮ್ಮನ್ನ ಕರೀಲಾ?”

“ನಂದೇನು ತಪ್ಪಿದೆ? ಸರ್ವರ್ರೇ ಕಳ್ಳ ಅಂತ ಕಂಪ್ಯೂಟರ್ರೇ ಹೇಳ್ತಿದೆ, ಓದು.”

ಅವಳ ಕಣ್ಣು ತುಂಬಿದ್ದನ್ನು ಕಂಡು ನನ್ನ ಸಿಟ್ಟು ಇಮ್ಮಡಿಯಾಯಿತು. ಪ್ರಕಾಶಕರ ಕಚೇರಿಯಲ್ಲಿ ಸರ್ವರ್ ನೋಡಿಕೊಳ್ಳುವ ಹೆಂಗಸಿಗೆ ಫೋನ್ ಮಾಡಿ, ಹೆಂಡತಿಗೂ ಕೇಳಲೆಂದು ಸ್ಪೀಕರ್ ಹಾಕಿ, ಜನ್ಮ ಜಾಲಾಡಿದೆ. ಸುಳ್ಳು ಪ್ರಮಾಣಪತ್ರ ಇಟ್ಟುಕೊಂಡು ಜನರ ಹೊಟ್ಟೆಯ ಮೇಲೆ ಹೊಡೆಯುತ್ತೀರಾ, ಕೋರ್ಟಿಗೆ ಎಳೆಯುತ್ತೇನೆ ಎಂದೆಲ್ಲ ಹಾರಾಡಿದೆ. ನನಗೆ ಉಸಿರು ಸಾಲದಾಗುವವರೆಗೆ ಆಕೆ ಕಾದಳು. ಆಮೇಲೆ ಆ ಕೆಂಪು ಪಟ್ಟಿಯ ಮೇಲೆ ಒತ್ತಿ, ಕಾರಣ ಏನಿದೆ ಎಂದು ಓದಲು ಹೇಳಿದಳು.

“ಪ್ರಮಾಣಪತ್ರ ಇನ್ನೂ ಜಾರಿಗೇ ಬಂದಿಲ್ಲ ಅಂತಿದೆ. ಹುಟ್ಟದೇ ಇರೋದನ್ನ ತೋರಿಸ್ತಿದೀರಲ್ರೀ, ನಾಚಿಕೆ ಆಗಲ್ವಾ?”

“ಅದು ಹೋದ ತಿಂಗಳೇ ಬಂದಿದ್ದು ಸರ್. ನಿಮ್ಮ ಕಂಪ್ಯೂಟರ್‌ನಲ್ಲಿ ಇವತ್ತು ಎಷ್ಟನೇ ತಾರೀಕು?”

ನನ್ನ ಕಣ್ಣು ಪರದೆಯ ಮೂಲೆಯಲ್ಲಿದ್ದ ತಾರೀಕಿನತ್ತ ಹೋಯಿತು.

ನನ್ನ ಚೆಸ್ ಆಟ ಮೂವತ್ತು ದಿನ ಮಾತ್ರ ಉಚಿತ. ಮೂವತ್ತು ಮುಗಿದಾಗಲೆಲ್ಲ ನಾನು ಕಂಪ್ಯೂಟರಿನ ತಾರೀಕನ್ನು ಆಟ ಹಾಕಿಕೊಂಡ ಮೊದಲ ದಿನಕ್ಕೆ ತಿರುಗಿಸಿಬಿಡುತ್ತೇನೆ. ಹೀಗೆ ಎರಡು ವರ್ಷವಾಯಿತು. ಆ ಯಂತ್ರದ ಪಾಲಿಗೆ ಕಾಲವೇ ನಿಂತಿದೆ, ನಿನ್ನೆ ಮೊನ್ನೆ ಬಂದ ಪ್ರಮಾಣಪತ್ರವನ್ನು ಅದು ಹೇಗೆ ತಾನೇ ನಂಬೀತು?

ಹೆಂಡತಿ ಬಗ್ಗಿ ಪರದೆಯ ಮೂಲೆಯಲ್ಲಿದ್ದ ಇಸವಿ ಓದಿದಳು. ನನ್ನನ್ನು ನೋಡಿದಳು. ನನ್ನ ಕೈಯಿಂದ ಮೌಸ್ ಕಸಿದುಕೊಂಡು ತಾರೀಕು ಸರಿಮಾಡಿದಳು. ನಾಲ್ಕು ಐವತ್ತಕ್ಕೆ ಪುಸ್ತಕ ಹೋಯಿತು. ಹಿಂದೆಯೇ ‘ಉಚಿತ ಅವಧಿ ಮುಗಿದಿದೆ’ ಎಂದು ಚೆಸ್ ಕದ ಹಾಕಿಕೊಂಡಿತು.

ಫೋನಿನ ಆ ತುದಿಯಿಂದ ಈಗ ಸರಿಯಾಯಿತೇ ಎಂಬ ಪ್ರಶ್ನೆ ಬಂತು. ಹೆಂಡತಿ ಫೋನ್ ಎತ್ತಿಕೊಂಡಳು.

“ನಿಮ್ಮ ಸರ್ವರ್ ಮೊದಲಿಂದ್ಲೂ ಸರಿಯಾಗೇ ಇತ್ತು ಕಣಮ್ಮ. ನಂಬೋಕಾಗದೇ ಇರೋದು ಇಲ್ಲಿ ಕುರ್ಚಿ ಮೇಲೆ ಕೂತಿದೆ.”