ಬಂಗುಡೆ ವಾಸನೆಯ ಬ್ಯಾಟರಿ

ದಿನಸಿ ಅಂಗಡಿ ಇಟ್ಟವಳು ತಮಾಷೆ ಹುಡುಕಿಕೊಂಡು ಹೋಗಬೇಕಾಗಿಲ್ಲ. ತಮಾಷೆಯೇ ಚೀಲ ಹಿಡಿದುಕೊಂಡು ಬಾಗಿಲಿಗೆ ಬರುತ್ತದೆ.

ನಾನು ಗದಗದ ಕಡೆಯವಳು, ಅಂಗಡಿ ಇಟ್ಟದ್ದು ಉಡುಪಿ ಹತ್ತಿರದ ಪರ್ಕಳದಲ್ಲಿ. ಆಗಷ್ಟೇ ಎಲ್ಲರ ಕೈಗೂ ಮೊಬೈಲು ಬಂದಿತ್ತು. ಕಟ್ಟಡ ಕೆಲಸಕ್ಕೆ ಬಂದ ನಮ್ಮ ಕಡೆಯವರ ತಗಡಿನ ಶೆಡ್ಡುಗಳಲ್ಲಿ ಕರೆಂಟು ಇರಲಿಲ್ಲ. ಬೆಳಿಗ್ಗೆ ಫೋನಿನಿಂದ ಬ್ಯಾಟರಿ ಬಿಚ್ಚಿ ನನ್ನಲ್ಲಿ ಚಾರ್ಜಿಗೆ ಕೊಟ್ಟು, ಸಂಜೆ ಒಯ್ಯುತ್ತಿದ್ದರು. ಅವರಲ್ಲಿ ಒಬ್ಬ ಗಾರೆ ಮೇಸ್ತ್ರಿಗೆ ಮಾತ್ರ ಬ್ಯಾಟರಿಯದೇ ಚಿಂತೆ. ಮಗಳನ್ನು ನೋಡಿಹೋದ ಗಂಡಿನ ಕಡೆಯವರು, ಒಪ್ಪಿಗೆಯೋ ಇಲ್ಲವೋ ಫೋನಿನಲ್ಲೇ ಹೇಳುತ್ತೇವೆ ಎಂದಿದ್ದರಂತೆ.

ಒಂದೇ ದೀಪ

ನಾನು ಮೊದಲು ಕೊಂಡದ್ದು ಉಡುಪಿಯ ರಸ್ತೆಬದಿಯ ಚಾರ್ಜರು. ಕೆಂಪು, ಹಸಿರು, ನೀಲಿ ದೀಪ ಕುಣಿಯುತ್ತಿದ್ದವು. ಅದು ಎಷ್ಟು ಬಿಸಿಯಾಗುತ್ತಿತ್ತೆಂದರೆ ಅಂಗಡಿಯ ಬೆಕ್ಕು ಅದರ ಪಕ್ಕದಲ್ಲೇ ಮಲಗಲು ಶುರುಮಾಡಿತು. ಹೆದರಿ ಮಣಿಪಾಲದ ಮೊಬೈಲ್ ರಿಪೇರಿಯವರಲ್ಲಿಗೆ ಹೋದೆ.

"ಬ್ಯಾಟರಿ ಮೇಲೆ ಬರೆದ ವೋಲ್ಟಿಗೆ ಚಾರ್ಜರು ಹೊಂದಬೇಕು ಅಮ್ಮ. ತುಂಬಿದ ಮೇಲೆ ತಾನೇ ನಿಲ್ಲಬೇಕು. ಬಣ್ಣ ನೋಡಿ ತೆಕ್ಕೊಳ್ಳಲಿಕ್ಕೆ ಇದೆಂತ ಸೀರೆಯಾ?" ಎಂದರು.

ಅವರು ಕೊಟ್ಟದ್ದಕ್ಕೆ ಒಂದೇ ದೀಪ. ಮೇಸ್ತ್ರಿಗೆ ಅದರ ಮೇಲೆ ನಂಬಿಕೆ ಬರಲಿಲ್ಲ. ಮರುದಿನ ದೊಡ್ಡ ಟಾರ್ಚಿನ ಚಾರ್ಜರು ತಂದರು. "ಇದಕ್ಕ ಶಕ್ತಿ ಜಾಸ್ತಿ ಐತ್ರಿ ಅಕ್ಕಾರ. ಲಗೂ ತುಂಬತೈತಿ."

"ಬಾಣಂತಿಗೆ ಮಾಡಿದ ಅಂಟಿನುಂಡಿ ಹಸುಗೂಸಿಗೆ ತಿನ್ನಸ್ತಾರೇನು ಮೇಸ್ತ್ರಿ?" ಎಂದೆ.

ಅವರು ಅಂಗಡಿಯ ಡಬ್ಬಿಗಳತ್ತ ಕಣ್ಣು ಹಾಯಿಸಿದರು. "ಅಂಟಿನುಂಡಿ ಮಾಡೀರೇನ್ರಿ?"

ಕಾಗೆಯ ಪಾಲು

ಕಾಪುವಿನಿಂದ ಬಸ್ಸಿನಲ್ಲಿ ಬುಟ್ಟಿ ತರುತ್ತಿದ್ದ ಮೀನಿನವಳದೂ ಮೇಸ್ತ್ರಿಯದೂ ಒಂದೇ ನಮೂನೆಯ ಫೋನು. ಒಂದು ದಿನ ಅವಳ ಬ್ಯಾಟರಿ ಮೀನಿನ ಮಂಜುಗಡ್ಡೆಯ ನೀರಿಗೆ ಬಿತ್ತು. ನೀರು ಕುಡಿದದ್ದನ್ನು ಚಾರ್ಜಿಗೆ ಹಾಕುವುದಿಲ್ಲ, ಹೊಸತು ತಾ ಎಂದೆ. ಅವಳು ಕೇಳಲಿಲ್ಲ. ಮನೆಗೆ ಒಯ್ದು, ಚಾಪೆಯ ಮೇಲೆ ಒಣಮೀನಿನ ಸಾಲಿನಲ್ಲೇ ಅದನ್ನೂ ಬಿಸಿಲಿಗಿಟ್ಟಳು. ಕಾಗೆ ಎತ್ತಿಕೊಂಡು ಹೋಯಿತು.

"ಎದುರಿಗೇ ಕೂತು ಕಾಯ್ತಾ ಇದ್ದೆ ಅಕ್ಕ," ಎಂದಳು. "ಅಷ್ಟು ಮೀನು ಬಿಟ್ಟು ಬ್ಯಾಟರಿ ತಿನ್ನುವ ಕಾಗೆ ಉಂಟೂಂತ ಯಾರಿಗೆ ಗೊತ್ತು?"

ಹೊಸ ಬ್ಯಾಟರಿ ತಂದಳು. ಇನ್ನು ನೀರು ತಾಗಬಾರದೆಂದು ಅದನ್ನು ಭದ್ರವಾಗಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟಳು. ಒಣ ಬಂಗುಡೆ ಮೀನು ಕಟ್ಟಿದ್ದ ಪ್ಲಾಸ್ಟಿಕ್ಕಿನಲ್ಲಿ.

ಒಂದು ನೂಲು ಎತ್ತರ

ಒಂದು ಮಧ್ಯಾಹ್ನ ಮೇಸ್ತ್ರಿ ಓಡಿ ಬಂದರು. ಕೈಯಲ್ಲಿ ಬನ್ಸಿನ ಹಾಗೆ ಉಬ್ಬಿದ ಬ್ಯಾಟರಿ. ನನಗೆ ಹೇಳದೆ, ಕೆಲಸದ ಜಾಗದಲ್ಲಿ ಆ ಟಾರ್ಚಿನ ಚಾರ್ಜರಿಗೇ ಅದನ್ನು ಹಾಕಿದ್ದರು.

"ಹೊಟ್ಟಿ ತುಂಬ ಉಂಡೈತ್ರಿ," ಎಂದು ಅದರ ಮೇಲೆ ತಮ್ಮ ಮಟ್ಟಗೋಲು ಇಟ್ಟು ನೋಡಿದರು. ಮಟ್ಟಗೋಲಿನ ಗಾಜಿನೊಳಗಿನ ಗುಳ್ಳೆ ಒಂದು ಬದಿಗೆ ಓಡಿತು. "ಇಂಚಿನಾಗ ಒಂದ ನೂಲು ಎತ್ತರ ಐತಿ, ಅಷ್ಟ. ಕಲ್ಲು ಹೇರಿದ್ರ ಸಮ ಆಗ್ತೈತಿ."

ನಾನು ಅದನ್ನು ಮೆಲ್ಲಗೆ ತೆಗೆದುಕೊಂಡು, ಅಂಗಳದಲ್ಲಿ ಮರಳು ತುಂಬಿದ ಡಬ್ಬಿಯಲ್ಲಿಟ್ಟೆ. "ಇದನ್ನ ಒತ್ತಂಗಿಲ್ಲ, ಚುಚ್ಚಂಗಿಲ್ಲ, ಚಾರ್ಜಿಗೂ ಹಾಕಂಗಿಲ್ಲ. ಬೆಂಕಿ ಹತ್ತತೈತಿ."

ಮೇಸ್ತ್ರಿ ಅಕ್ಕಿ ಮೂಟೆಯ ಮೇಲೆ ಕುಸಿದು ಕೂತರು. "ಇವತ್ತ ಸಂಜೀಕ ಫೋನ್ ಮಾಡ್ತಾರಂತ್ರಿ. ಎತ್ತಲಿಲ್ಲಂದ್ರ ನಾಳಿಗೆ ಬ್ಯಾರೆ ಹೆಣ್ಣು ನೋಡಾಕ ಹೊಂಟಾರ."

ಮೀನಿನವಳು ತುಂಬಿದ ತನ್ನ ಬ್ಯಾಟರಿ ಒಯ್ಯಲು ಬಂದಿದ್ದಳು. ಅದನ್ನೇ ಚಾಚಿದಳು. "ತೆಕ್ಕೊಳ್ಳಿ ಮಾರಾಯ್ರೆ. ಮಗಳ ಮದುವೆ ಅಲ್ವಾ?"

ಮೇಸ್ತ್ರಿ ಹುಟ್ಟಿದಾರಭ್ಯ ಮೊಟ್ಟೆಯನ್ನೂ ಮುಟ್ಟಿದವರಲ್ಲ. ಬ್ಯಾಟರಿ ಹತ್ತಿರ ಬಂದದ್ದೇ ಮುಖ ಕಿವುಚಿದರು.

"ಹೆದರಬೇಡಿ, ಬೀಗರ ಊರಿಗೆ ವಾಸನೆ ಹೋಗುವುದಿಲ್ಲ," ಎಂದಳು ಅವಳು.

ಅದನ್ನೇ ಮೇಸ್ತ್ರಿಯ ಫೋನಿಗೆ ಹಾಕಿ ಕೂತೆವು. ಐದೂವರೆಗೆ ಫೋನು ರಿಂಗಾಯಿತು. ಮೇಸ್ತ್ರಿ ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಲ್ಲಿ ಟವೆಲಿನಿಂದ ಮೂಗು ಹಿಡಿದರು. ಕಣ್ಣಲ್ಲಿ ನೀರು. "ಹೂಂ ರೀ... ಹೇಳ್ರಿ..." ಎನ್ನುವ ದನಿ ಬಾವಿಯೊಳಗಿಂದ ಬಂದ ಹಾಗಿತ್ತು. ನಡುವೆ ಒಮ್ಮೆ ಉಸಿರು ಸಿಕ್ಕಿಕೊಂಡು ಬಿಕ್ಕಿದರು.

ಆ ಕಡೆ ಮಾತು ನಿಂತಿತು. ಸಂಬಂಧ ಮುರಿಯಿತೆಂದೇ ನಾನು ತಿಳಿದೆ. ಆಗ ಹಿರಿಯರೊಬ್ಬರ ದನಿ ಅಂಗಡಿಗೆಲ್ಲ ಕೇಳುವಷ್ಟು ಜೋರಾಗಿ ಬಂತು: "ಅಳಬ್ಯಾಡ್ರಿ ಯಜಮಾನ್ರ. ಮಗಳ ಮ್ಯಾಲೆ ಇಷ್ಟು ಜೀವ ಇಟ್ಟ ತಂದೀನ ನಾವು ಕಂಡಿದ್ದಿಲ್ಲ. ನಮಗ ಒಪ್ಪಿಗಿ ಐತಿ."

ಮೇಸ್ತ್ರಿ ವಾರದೊಳಗೆ ಹೊಸ ಬ್ಯಾಟರಿ ಕೊಂಡರು. ಆದರೆ ಮದುವೆ ಮುಗಿಯುವ ತನಕ ಆಗಾಗ ಬಂದು, ಅದನ್ನು ಮೇಜಿನ ಮೇಲಿಟ್ಟು ಮೆಲ್ಲಗೆ ಕೇಳುತ್ತಿದ್ದರು:

"ಅಕ್ಕಾರ, ಇದು ಇಲ್ಲೇ ಇರಲಿ. ಇವತ್ತ ಹುಡುಗನ ಅವ್ವನ ಕೂಡ ಮಾತಾಡೋದೈತಿ. ಆ ಮೀನಿಂದು ಕೊಡ್ರಿ."