ಕೈ ಇಳಿಸದ ದಂಡನಾಯಕ

ಬೊಂಬೆ ಮಾಡುವ ಕಲೆಯಲ್ಲಿ ನನ್ನನ್ನು ಮೀರಿಸುವವನು ಇನ್ನೂ ಹುಟ್ಟಿಲ್ಲ. ಹುಟ್ಟಿದ್ದರೂ ನನ್ನ ದಂಡನಾಯಕನ ತಲೆಯನ್ನೇ ಚೀಪುತ್ತ ತೊಟ್ಟಿಲಲ್ಲಿ ಬಿದ್ದಿರುತ್ತಾನೆ! ಆರಿಂಚಿನ ಪ್ಲಾಸ್ಟಿಕ್ ದೇಹ, ಹುರಿಮೀಸೆ, ಎದೆಗೆ ಗುರಾಣಿ ಅಂಟಿಸಿಕೊಂಡ ಎಡಗೈ, ಆಕಾಶಕ್ಕೆ ಎತ್ತಿದ ಬಲಗೈ. ಈ ನಲವತ್ತು ವರ್ಷಗಳಲ್ಲಿ ಬರಿಗಾಲಲ್ಲಿ ಅವನನ್ನು ತುಳಿದು ‘ಅಯ್ಯಪ್ಪಾ’ ಎಂದು ಕುಣಿಯದ ತಂದೆ ಭೂಮಂಡಲದಲ್ಲೇ ಇಲ್ಲ.

ಆ ಎತ್ತಿದ ಕೈಯೇ ಅವನ ಕೀರ್ತಿಪತಾಕೆ. (ಗುಟ್ಟು, ನಿಮ್ಮಲ್ಲೇ ಇರಲಿ: ನಕ್ಷೆ ಬರೆಯುವಾಗ ಕೈಗೆ ಕೀಲು ಹಾಕುವುದೇ ಮರೆತುಹೋಗಿತ್ತು. ಅಚ್ಚು ಕೊರೆಯುವವನು “ಕೀಲೆಲ್ಲಿ ಸ್ವಾಮಿ?” ಎಂದಾಗ, “ಬೇಕೆಂದೇ ಬಿಟ್ಟಿದ್ದೀನಿ” ಎಂದು ಗತ್ತಿನಿಂದ ಹೇಳಿಬಿಟ್ಟೆ.)

ಮೊದಲ ಬೊಂಬೆಯನ್ನು ಮನೆಗೆ ತಂದ ದಿನವೇ ನನ್ನವಳು ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು.

“ಕೈ ಇಳಿಯೋದೇ ಇಲ್ವಲ್ರೀ! ಪಾಪ, ಬಾಗಿಲು ಹೇಗೆ ತೆಗೀತಾನೆ?”

“ವೀರರು ಬಾಗಿಲು ತೆಗೆಯಲ್ಲ ಕಣೇ, ಮುರೀತಾರೆ.”

“ಯಾವ ಕೈಯಲ್ಲಿ?”

ನಮ್ಮ ದಾಂಪತ್ಯ ಅಂದಿನಿಂದ ಆ ಪ್ರಶ್ನೆಯ ಹೊಸ್ತಿಲಲ್ಲೇ ನಿಂತಿದೆ. ಡಬ್ಬದ ಮುಚ್ಚಳ ನನ್ನಿಂದ ಬಿಚ್ಚಲಾಗದಿದ್ದರೆ ಸಾಕು, “ನಿಮ್ಮ ದಂಡನಾಯಕನ್ನ ಕರೀರಿ” ಎನ್ನುತ್ತಾಳೆ. ಸಾಯುವುದರೊಳಗೆ ಒಂದೇ ಒಂದು ಸಲ ‘ನೀವೇ ಸರಿ’ ಎಂದು ಅವಳ ಬಾಯಲ್ಲಿ ಕೇಳಬೇಕು. ನನಗೆ ಬೇರೆ ಮೋಕ್ಷ ಬೇಡ.

ಹೋದ ವರ್ಷ ವಿಡಿಯೋ ಗೇಮ್ ಮಾಡುವ ಹುಡುಗಿಯೊಬ್ಬಳು ಮನೆಗೆ ಬಂದಳು. ದಂಡನಾಯಕನೇ ಅವರ ಹೊಸ ಆಟದ ನಾಯಕನಂತೆ! ನನ್ನ ಕಾಲು ನೆಲದ ಮೇಲೇ ನಿಲ್ಲಲಿಲ್ಲ.

“ಸರ್, ಅವನು ಕೋಟೆಯೊಳಗೆ ಹೋಗ್ಬೇಕು, ಏಣಿ ಹತ್ಬೇಕು. ಭುಜಕ್ಕೆ ಒಂದು ಕೀಲು ಕೊಡೋಣ್ವಾ?”

ಅಡುಗೆಮನೆಯಿಂದ ಒಂದು ಕೆಮ್ಮು ಕೇಳಿಸಿತು. ಆ ಕೆಮ್ಮೇ ನನ್ನ ಮನೆ ಹಾಳುಮಾಡಿದ್ದು.

“ಕೂದಲೂ ಕೊಂಕಬಾರದು! ಇದ್ದ ಹಾಗೇ ಇರಬೇಕು!” ಎಂದು ಗುಡುಗಿ, ಹಾಗೆಂದು ಬರೆದು ಸಹಿಯನ್ನೂ ಜಡಿದೆ. ಹುಡುಗಿ ಹೊರಡುವ ಮುಂಚೆ ನನ್ನವಳ ಜೊತೆ ಅಡುಗೆಮನೆಯಲ್ಲಿ ಮುಕ್ಕಾಲು ಗಂಟೆ ಹರಟಿದಳು. (ಅದೆಂಥ ನಗು! ನನ್ನ ಗುಣಗಾನವೇ ಇರಬೇಕು ಎಂದುಕೊಂಡೆ.)

ಮೊನ್ನೆ ಭಾನುವಾರ ಆಟ ಬಂತು. ಮೊಮ್ಮಗಳು ಅದನ್ನು ಟಿವಿಗೆ ಜೋಡಿಸಿದಳು. ನಾನು ನಿವೃತ್ತಿಯ ದಿನದ ಕೋಟು ತೊಟ್ಟು ಸೋಫಾದ ನಟ್ಟನಡುವೆ ವಿರಾಜಮಾನನಾದೆ. ಪರದೆಯ ಮೇಲೆ ಕಹಳೆ ಮೊಳಗಿತು, ಕೋಟೆ ಕಾಣಿಸಿತು, ನನ್ನ ಕಂದ ಕೈ ಎತ್ತಿಕೊಂಡು ನಡೆದು ಬಂದ! ನನ್ನ ಕಣ್ಣು ತುಂಬಿತು.

ಎದುರಿಗೆ ಬಾಗಿಲು.

ಮೊಮ್ಮಗಳು ಗುಂಡಿ ಒತ್ತಿದಳು. ದಂಡನಾಯಕ ಮೀಸೆಯಿಂದ ಬಾಗಿಲು ತಳ್ಳಿದ, ಅಂಗಾತ ಬಿದ್ದ. ಎದ್ದ, ತಳ್ಳಿದ, ಬಿದ್ದ. ಅಷ್ಟರಲ್ಲಿ ಎಲ್ಲಿಂದಲೋ ಬಂದ ಬೆಕ್ಕಿನ ಮರಿಯೊಂದು ಪಂಜದಿಂದ ಬಾಗಿಲು ಸರಿಸಿ ಒಳಹೋಯಿತು. ಬಾಗಿಲು ಮತ್ತೆ ಮುಚ್ಚಿಕೊಂಡಿತು.

“ತಾತ, ಆಟಾನೇ ಇದಂತೆ. ಇವನಿಗೆ ಬಾಗಿಲು ತೆಗೆಯೋರನ್ನ ನಾವು ಹುಡುಕ್ಬೇಕು!”

ನನ್ನವಳ ಕಡೆ ನೋಡಿದೆ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಪರದೆಯ ಬಾಗಿಲನ್ನೇ ನೋಡುತ್ತಿದ್ದಳು. ಅದಕ್ಕಿಂತ ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

“ನಿನಗೆ ಆಡೋಕೆ ಬರಲ್ಲ, ಕೊಡಿಲ್ಲಿ!” ಎಂದು ಮೊಮ್ಮಗಳ ಕೈಯಿಂದ ರಿಮೋಟ್ ಕಿತ್ತುಕೊಂಡು ಇದ್ದಬದ್ದ ಗುಂಡಿಗಳನ್ನೆಲ್ಲ ಒತ್ತಿದೆ. ದಂಡನಾಯಕ ಬಾಗಿಲಿಗೆ ಬೆನ್ನು ಹಾಕಿ, ನೇರ ನನ್ನ ಮುಖ ನೋಡಿ, ಮೀಸೆ ಕುಣಿಸುತ್ತ ಬಾಯಿ ಬಿಟ್ಟ:

“ನಲವತ್ತು ವರ್ಷದಿಂದ ಕೈ ಎತ್ಕೊಂಡೇ ನಿಂತಿದ್ದೀನಿ ಸ್ವಾಮಿ, ಒಂದೇ ಒಂದು ಪ್ರಶ್ನೆ ಕೇಳೋಕೆ. ಬಾಗಿಲು ತೆಗೀತೀನಿ, ಸರಿ. ಯಾವ ಕೈಯಲ್ಲಿ?”