ಅರೆಬರೆ ಕೈಯ ಧರ್ಮಸಂಕಟ

ಇಸ್ಪೀಟಿನಲ್ಲಿ ಕೆಟ್ಟ ಎಲೆ ಬಂದವನಿಗೆ ಚಿಂತೆಯಿಲ್ಲ, ಕೆಳಗಿಟ್ಟು ಕಾಫಿ ಕುಡಿಯಬಹುದು. ಒಳ್ಳೆಯ ಎಲೆ ಬಂದವನಿಗಂತೂ ಇಲ್ಲವೇ ಇಲ್ಲ. ಪ್ರಾಣ ತಿನ್ನುವುದು ಈ ಅರೆಬರೆ ಕೈ. ರಮ್ಮಿಯಲ್ಲಿ ಆಡದೆ ಇಟ್ಟರೆ ಇಪ್ಪತ್ತು ಪಾಯಿಂಟು ದಂಡ, ಆಡಿ ಸೋತರೆ ಎಂಬತ್ತರವರೆಗೂ ಏರಬಹುದು. ನಾನು ಹುಟ್ಟಾ ಪುಕ್ಕಲ, ಇಡುವವರ ಪೈಕಿ. ಇನ್ನೂರೊಂದಕ್ಕೆ ಔಟ್ ಎನ್ನುವ ಆಟದಲ್ಲಿ ಒಂದೇ ಒಂದು ಎಲೆ ಎಳೆಯದೆ, ಇಪ್ಪತ್ತಿಪ್ಪತ್ತಾಗಿ ಮರ್ಯಾದೆಯಿಂದ ಔಟಾದವನು ಹೊನ್ನಾಳಿಯಲ್ಲಿ ನಾನೊಬ್ಬನೇ ಇರಬೇಕು.

ಆಟದ ಹೊರಗೂ ಇದೇ ಬುದ್ಧಿ. ಜಗಳೂರಿನಲ್ಲಿರುವ ತಮ್ಮ ಪರಮೇಶಿ ತನ್ನ ಗೃಹಪ್ರವೇಶಕ್ಕೆ ಮನೆಗೆ ಬಂದು ಕುಂಕುಮ ಕೊಟ್ಟು ಕರೆಯಲಿಲ್ಲ, ಫೋನಿನಲ್ಲೇ ಮುಗಿಸಿದ ಎಂದು ನಾನು ಹೋಗಲಿಲ್ಲ. ಅವನು ಮುನಿದ. ಎರಡು ವರ್ಷದಿಂದ ಮಾತಿಲ್ಲ. ಎಷ್ಟೋ ಸಲ ಫೋನು ಕೈಗೆತ್ತಿಕೊಂಡಿದ್ದೇನೆ, ಅವನು ಮಾತಾಡದೆ ಇಟ್ಟುಬಿಟ್ಟರೆ ಎಂದು ಹೆದರಿ ಸುಮ್ಮನಾಗಿದ್ದೇನೆ.

ಹೋದ ಭಾನುವಾರ ತ್ಯಾವಣಿಗೆಯಿಂದ ಮಾವ ಬಂದಿದ್ದರು. ರಮ್ಮಿಗೆ ಕೂತೆವು. ಮಾವ ಬೇಗ ಔಟಾಗಿ ಎಲೆಅಡಿಕೆ ಚೀಲ ಬಿಚ್ಚಿದರು. ಉಳಿದದ್ದು ನೂರ ಎಂಬತ್ತರಲ್ಲಿ ನಾನು, ನೂರ ತೊಂಬತ್ತರಲ್ಲಿ ಹೆಂಡತಿ ಗಿರಿಜ. "ನಾನು ಗೆದ್ರೆ ನೀವು ಪರಮೇಶಿಗೆ ಫೋನ್ ಮಾಡ್ಬೇಕು. ನೀವು ಗೆದ್ರೆ ನಾನು ಆ ಸುದ್ದೀನೇ ಎತ್ತಲ್ಲ, ಆತೇನ್ರಿ?" ಎಂದಳು. ಒಪ್ಪಿದೆ. ಎಲೆ ನೋಡಿದರೆ ಒಂದು ಜೋಕರ್, ಎರಡು ರಾಣಿ, ಆಟೀನಿನ ಐದು ಆರು, ಉಳಿದದ್ದೆಲ್ಲ ಸಂತೆ. ಇಟ್ಟರೆ ಇನ್ನೂರು, ಒಂದು ಪಾಯಿಂಟಿನಲ್ಲಿ ಜೀವ ಉಳಿಯುತ್ತದೆ.

"ಇಡ್ತಾರೆ ನೋಡಪ್ಪ," ಎಂದಳು ಗಿರಿಜ.

"ಇಡಾಕೇ ಹುಟ್ಟಿದ ಕೈ ಅದು," ಎಂದರು ಮಾವ, ಸುಣ್ಣ ಹಚ್ಚುತ್ತ.

ರೋಷ ಬಂತು. ಆಡಿದೆ. ಮೂರನೇ ಸುತ್ತಿಗೆ ಆಟೀನಿನ ಏಳು ಬಂತು, ಆಮೇಲೆ ಇನ್ನೊಂದು ರಾಣಿ. ಬೇಕಾದ ಎಲೆಗಳೆಲ್ಲ ಒಂದೊಂದಾಗಿ ಬಂದು ಕೂತವು. ಶೋ ಮಾಡಿದೆ. ಗಿರಿಜಳ ಕೈಯಲ್ಲಿ ಮೂವತ್ತು ಪಾಯಿಂಟು ಉಳಿದು ಅವಳು ಔಟ್, ನಾನು ಗೆದ್ದೆ! ಗಿರಿಜ ಮುಖ ಸಣ್ಣ ಮಾಡಿಕೊಂಡು ಒಳಗೆ ಹೋದಳು. ಮಾವ ಗೋಡೆಗೆ ಒರಗಿ ಕಣ್ಣು ಮುಚ್ಚಿದರು.

ಇಂಥ ಗೆಲುವನ್ನು ಯಾರ ಹತ್ತಿರ ಹೇಳಿಕೊಳ್ಳಲಿ? ಅರೆಬರೆ ಕೈಯಲ್ಲಿ ನಾನು ಆಡಿದೆ ಎಂದರೆ ಅದೆಷ್ಟು ದೊಡ್ಡ ಸಂಗತಿ ಎಂದು ತಿಳಿಯುವವನು ಭೂಮಿಯ ಮೇಲೆ ಒಬ್ಬನೇ, ಚಿಕ್ಕಂದಿನಲ್ಲಿ ನನ್ನೆದುರು ಕೂತು ರಮ್ಮಿ ಕಲಿತವನು. ಯೋಚಿಸುವ ಮೊದಲೇ ಬೆರಳು ಅವನ ನಂಬರು ಒತ್ತಿತ್ತು.

"ಪರಮೇಶಿ, ಒಂದು ಜೋಕರ್, ಎರಡು ರಾಣಿ ಇಟ್ಕೊಂಡು ಶೋ ಹೊಡೆದೆ ಕಣೋ!"

ಆ ಕಡೆಯಿಂದ ಪರಮೇಶಿ, "ಕೈಯಾಗೆ ಒಂದಾದ್ರೂ ಸಾಲು ಇತ್ತೇನು?"

"ಇರಲಿಲ್ಲ."

"ಮತ್ತೆ ಹೆಂಗೆ ಆಡಿದೆ ಅಣ್ಣ? ಅದು ಇಡೋ ಕೈ!"

"ಗೆದ್ದೀನಲ್ಲೋ!"

"ಗೆದ್ರೂ ತಪ್ಪು ತಪ್ಪೇ!"

ಮುಕ್ಕಾಲು ಗಂಟೆ ಸುಖವಾಗಿ ಜಗಳವಾಡಿದೆವು. ನನ್ನ ತಪ್ಪನ್ನು ಎದುರಿಗೇ ಕೂತು ತೋರಿಸಿಕೊಡಲು ಬರುವ ಭಾನುವಾರ ಹೆಂಡತಿ ಮಕ್ಕಳ ಸಮೇತ ಬರುತ್ತಾನಂತೆ. ಸೋಲುವುದಕ್ಕೆ ನಾನು ಇಷ್ಟು ಆತುರಪಟ್ಟದ್ದು ಇದೇ ಮೊದಲು.